ಶಾಂಪೂ ಬದಲಿಸಿದರೂ ತುರಿಕೆ ನಿಲ್ಲುತ್ತಿಲ್ಲ: ಅಲರ್ಜಿಯ ನೆತ್ತಿಗೆ ಏನು ಆರಿಸಬೇಕು, ಏನು ಬಿಡಬೇಕು?

ಪ್ರಶ್ನೆ: ನನ್ನ ನೆತ್ತಿಯ ಚರ್ಮ ಬಹಳ ಸೂಕ್ಷ್ಮ. ಆರು ತಿಂಗಳಲ್ಲಿ ನಾಲ್ಕು ಶಾಂಪೂ ಬದಲಿಸಿದ್ದೇನೆ. ಕೊನೆಯ ಎರಡರ ಮೇಲೆ ‘ಹೈಪೋಅಲರ್ಜೆನಿಕ್’, ‘ನ್ಯಾಚುರಲ್’, ‘ಸಲ್ಫೇಟ್ ಫ್ರೀ’ ಎಂದೆಲ್ಲ ಬರೆದಿತ್ತು. ಆದರೂ ತಲೆಗೆ ಸ್ನಾನ ಮಾಡಿ ಎರಡು ದಿನವಾಗುವಷ್ಟರಲ್ಲಿ ಕಿವಿಯ ಹಿಂದೆ, ಹೆಕ್ಕತ್ತಿನಲ್ಲಿ ತುರಿಕೆ ಶುರುವಾಗುತ್ತದೆ. ಕೆಲವು ಸಲ ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ. ವಿಚಿತ್ರವೆಂದರೆ ನೆತ್ತಿಯಲ್ಲಿ ಅಷ್ಟೇನೂ ಕಾಣುವುದಿಲ್ಲ. ಎರಡು ತಿಂಗಳಿಗೊಮ್ಮೆ ಡೈ ಹಚ್ಚುತ್ತೇನೆ, ವಾರಕ್ಕೆರಡು ಸಲ ಸ್ಟ್ರೈಟ್ನರ್ ಬಳಸುತ್ತೇನೆ. ಯಾವ ಶಾಂಪೂ, ಯಾವ ಡೈ, ಎಂಥ ಬಾಚಣಿಗೆ, ಎಂಥ ಸ್ಟ್ರೈಟ್ನರ್ ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಎರಡು ಒಳ್ಳೆಯ ಸುಳಿವುಗಳಿವೆ. ತುರಿಕೆ ಬರುವುದು ಎರಡು ದಿನ ಕಳೆದ ಮೇಲೆ. ಬರುವ ಜಾಗ ಕಿವಿಯ ಹಿಂದೆ, ಹೆಕ್ಕತ್ತು, ರೆಪ್ಪೆ. ಇವೆರಡನ್ನೂ ಜೋಡಿಸಿ ನೋಡಿದರೆ, ಯಾವುದೋ ಒಂದು ನಿರ್ದಿಷ್ಟ ರಾಸಾಯನಿಕಕ್ಕೆ ನಿಮ್ಮ ದೇಹ ಅಲರ್ಜಿ ಬೆಳೆಸಿಕೊಂಡಿರುವ ಸಾಧ್ಯತೆಯೇ ಹೆಚ್ಚು. ನಾಲ್ಕು ಸಲ ಶಾಂಪೂ ಬದಲಿಸಿದರೂ ಫಲ ಸಿಗದಿರುವುದಕ್ಕೂ ಇದೇ ಕಾರಣ ಇರಬೇಕು: ಬಾಟಲಿ ಬದಲಾಯಿತು, ಒಳಗಿದ್ದ ಆ ಒಂದು ಪದಾರ್ಥ ನಾಲ್ಕರಲ್ಲೂ ಉಳಿಯಿತು. ಹಾಗಾಗಿ ‘ಯಾವ ಬ್ರ್ಯಾಂಡ್’ ಎನ್ನುವುದಕ್ಕಿಂತ ‘ಯಾವ ಪದಾರ್ಥ’ ಎಂಬುದನ್ನು ಮೊದಲು ಹುಡುಕೋಣ.

ನೆತ್ತಿಯ ಚರ್ಮ ದಪ್ಪ, ಗಟ್ಟಿಮುಟ್ಟು. ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳು. ಕಿವಿಯ ಹಿಂಭಾಗ ಮತ್ತು ಕತ್ತೂ ತೆಳುವೇ. ಶಾಂಪೂ ನೊರೆ ನೆತ್ತಿಯಿಂದ ಇಳಿದು ಹರಿಯುವುದು ಇದೇ ದಾರಿಯಲ್ಲಿ. ಅಲರ್ಜಿ ತರುವ ಪದಾರ್ಥ ನೆತ್ತಿಯ ಮೇಲೆ ಗುರುತು ಬಿಡದೆ, ಹರಿದುಹೋದ ದಾರಿಯಲ್ಲಿ ಕೆಂಪು ಗೆರೆ ಎಳೆಯುವುದು ಚರ್ಮರೋಗ ತಜ್ಞರಿಗೆ ಚಿರಪರಿಚಿತ ಚಿತ್ರ. ನಿಮಗೆ ವಿಚಿತ್ರವಾಗಿ ಕಂಡದ್ದೇ ಇಲ್ಲಿ ಮುಖ್ಯ ಸಾಕ್ಷಿ.

ಇನ್ನು ಸಮಯದ ಲೆಕ್ಕ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಉರಿ, ಚುರುಚುರು, ಬಿಗಿತ ಬಂದು ತೊಳೆದ ಮೇಲೆ ಇಳಿದರೆ ಅದು ಕೆರಳಿಕೆ. ಪದಾರ್ಥ ಖಾರವಾಯಿತು ಅಷ್ಟೇ; ಕಡಿಮೆ ಬಳಸಿದರೆ ತಾಳಿಕೊಳ್ಳಬಹುದು. ಒಂದರಿಂದ ಮೂರು ದಿನದೊಳಗೆ ತುರಿಕೆ, ಕೆಂಪು, ಸಣ್ಣ ನೀರುಗುಳ್ಳೆ ಬಂದು ವಾರಗಟ್ಟಲೆ ಉಳಿದರೆ ಅದು ಸ್ಪರ್ಶದ ಅಲರ್ಜಿ. ಇಲ್ಲಿ ಕೆಲಸ ಮಾಡುವುದು ರಕ್ತದ ಟಿ ಕೋಶಗಳು, ಅಂದರೆ ರೋಗನಿರೋಧಕ ಬಿಳಿ ಕಣಗಳು. ಅವು ಒಮ್ಮೆ ಗುರುತು ಹಿಡಿದ ಪದಾರ್ಥವನ್ನು ವರ್ಷಗಳು ಕಳೆದರೂ ಮರೆಯುವುದಿಲ್ಲ, ಹನಿಯಷ್ಟಿದ್ದರೂ ಪ್ರತಿಕ್ರಿಯಿಸುತ್ತವೆ. ‘ಇದನ್ನು ಹತ್ತು ವರ್ಷದಿಂದ ಬಳಸುತ್ತಿದ್ದೇನೆ, ಇದಿರಲಾರದು’ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಅಲರ್ಜಿ ಹುಟ್ಟುವುದೇ ಪದೇಪದೇ ಬಳಸಿದ ವಸ್ತುವಿಗೆ.

ಎಣ್ಣೆಯಂಶದ ಹಳದಿ ಹೊಟ್ಟು ನೆತ್ತಿ, ಹುಬ್ಬು, ಮೂಗಿನ ಪಕ್ಕಗಳಲ್ಲಿ ಕಂಡರೆ ಅದು ಸೆಬೊರಿಕ್ ಡರ್ಮಟೈಟಿಸ್, ಅಂದರೆ ಜೋರಾದ ತಲೆಹೊಟ್ಟು. ಅದರ ಹಿಂದಿರುವ ಮಲಸೇಜಿಯಾ ಎಂಬ ಯೀಸ್ಟ್ ಚರ್ಮದ ಜಿಡ್ಡನ್ನೇ ತಿಂದು ಬದುಕುತ್ತದೆ. ಆದ್ದರಿಂದ ಹೊಟ್ಟಿನ ನೆತ್ತಿಗೆ ಎಣ್ಣೆ ಹಚ್ಚಿ ಬಿಟ್ಟರೆ ಅದು ಹೆಚ್ಚುತ್ತದೆ. 2 ಶೇಕಡಾ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ, ನೆತ್ತಿಯ ಮೇಲೆ 3ರಿಂದ 5 ನಿಮಿಷ ಬಿಟ್ಟು ತೊಳೆದರೆ ಎರಡರಿಂದ ನಾಲ್ಕು ವಾರಗಳಲ್ಲಿ ಹತೋಟಿಗೆ ಬರುತ್ತದೆ. ಹಚ್ಚಿದ ತಕ್ಷಣ ತೊಳೆದುಬಿಡುವುದರಿಂದಲೇ ಅನೇಕರಿಗೆ ಇದು ‘ಕೆಲಸ ಮಾಡುವುದಿಲ್ಲ’. ಅಂಚು ಸ್ಪಷ್ಟವಾಗಿರುವ, ದಪ್ಪ ಬೆಳ್ಳಿ ಬಣ್ಣದ ಪೊರೆ ಕೂದಲಿನ ಗೆರೆ ದಾಟಿ ಹಣೆಗೆ ಬಂದಿದ್ದರೆ ಸೋರಿಯಾಸಿಸ್ ಇರಬಹುದು, ಅದಕ್ಕೆ ವೈದ್ಯರೇ ಬೇಕು. ನಿಮ್ಮ ವಿವರಣೆ ಇವೆರಡಕ್ಕೂ ಹೊಂದುವುದಿಲ್ಲ.

ಗುರುತು ಬಿದ್ದ ಜಾಗದಿಂದ ವಸ್ತುವನ್ನು ಊಹಿಸಬಹುದು. ಕೆನ್ನೆಯ ಪಕ್ಕ, ಕಿವಿಯ ಹಿಂದೆ, ಕತ್ತಿನಲ್ಲಿ ಇಳಿಜಾರಾಗಿದ್ದರೆ ಶಾಂಪೂ ಅಥವಾ ಕಂಡಿಷನರ್. ಹಣೆಯ ಅಂಚು, ಕಿವಿಯ ಮೇಲ್ತುದಿ, ಬೈತಲೆಯ ಗೆರೆ ಕೆಂಪಾಗಿ, ಮರುದಿನ ರೆಪ್ಪೆ ಊದಿದರೆ ಡೈ. ಕ್ಲಿಪ್ಪಿನ ಅಚ್ಚಿನಂತೆ ಚಿಕ್ಕ ಕಲೆಯಿದ್ದರೆ ನಿಕಲ್ ಲೋಹ. ಹಣೆ, ಕೆನ್ನೆಗಳ ಮೇಲೆ ಹರಡಿದಂತಿದ್ದರೆ ಸ್ಪ್ರೇ. ಕೂದಲು ಉದುರುವುದಕ್ಕೆ ಮಿನಾಕ್ಸಿಡಿಲ್ ದ್ರಾವಣ ಹಚ್ಚುವವರಿಗೆ ನೆತ್ತಿಯಲ್ಲೇ ತುರಿಕೆ ಬಂದರೆ ಹೆಚ್ಚಿನ ಸಲ ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕಾರಣ. ಅದೇ ಔಷಧಿಯ ನೊರೆ ರೂಪದಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ರೆಪ್ಪೆಯೊಂದೇ ಊದುತ್ತಿದ್ದರೆ ಉಗುರಿನ ಬಣ್ಣವನ್ನೂ ಅನುಮಾನಿಸಿ, ಬೆರಳು ದಿನಕ್ಕೆ ಹತ್ತಾರು ಸಲ ಕಣ್ಣು ಮುಟ್ಟುತ್ತದೆ.

ಮೊದಲು ಎಲ್ಲ ನಿಲ್ಲಿಸಿ

ಹೊಸದೇನನ್ನೂ ಕೊಳ್ಳುವ ಮುನ್ನ ನಾಲ್ಕು ವಾರ ತಲೆಗೆ ಹೋಗುವ ಎಲ್ಲವನ್ನೂ ಕೆಳಗಿಡಿ: ಡೈ, ಸೀರಂ, ಜೆಲ್, ಸ್ಪ್ರೇ, ಡ್ರೈ ಶಾಂಪೂ, ಸುಗಂಧದ ಎಣ್ಣೆ. ಒಂದೇ ಒಂದು ಸರಳ ಶಾಂಪೂ ಇಟ್ಟುಕೊಳ್ಳಿ, ಬೇಕೇಬೇಕಾದರೆ ಒಂದು ಕಂಡಿಷನರ್. ನಾಲ್ಕು ವಾರ ಏಕೆಂದರೆ ಅಲರ್ಜಿಯ ಉರಿಯೂತ ಕಾರಣ ಹೋದ ಮೇಲೂ ಎರಡು ಮೂರು ವಾರ ಉಳಿಯುತ್ತದೆ. ಒಂದೇ ವಾರಕ್ಕೆ ‘ಇದರಿಂದಲೂ ಗುಣವಾಗಲಿಲ್ಲ’ ಎಂದು ಇನ್ನೊಂದಕ್ಕೆ ಹಾರಿದರೆ ಸರಿಯಾದ ಶಾಂಪೂವನ್ನೇ ತಪ್ಪಿತಸ್ಥನೆಂದು ಎಸೆದಿರುತ್ತೀರಿ. ನೀವು ಆರು ತಿಂಗಳಲ್ಲಿ ನಾಲ್ಕು ಬದಲಿಸಿದಾಗ ಹೀಗೂ ಆಗಿರಬಹುದು. ಚರ್ಮ ಪೂರ್ತಿ ತಿಳಿಯಾದ ಮೇಲೆ ಒಂದೊಂದನ್ನೇ, ಎರಡು ವಾರದ ಅಂತರದಲ್ಲಿ ವಾಪಸು ತನ್ನಿ. ದಿನಾಂಕ ಬರೆದಿಡಿ, ಪ್ರತಿಯೊಂದರ ಹಿಂಬದಿಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಒಂದು ಮಾತು ಸೇರಿಸಬೇಕು. ಎಲ್ಲ ನಿಲ್ಲಿಸಿದರೂ ಗುಣ ಕಾಣದಿದ್ದರೆ ಪಕ್ಕದಲ್ಲಿ ಮಲಗುವವರ ಹೇರ್ ಜೆಲ್, ಸೆಂಟು, ಡೈಗಳನ್ನೂ ನೋಡಿ. ಒಬ್ಬರು ಹಚ್ಚಿದ್ದು ದಿಂಬು, ಟವೆಲ್, ಬಾಚಣಿಗೆಗಳ ಮೂಲಕ ಇನ್ನೊಬ್ಬರ ಚರ್ಮಕ್ಕೆ ದಾಟುವುದುಂಟು.

ಚೀಟಿಯ ಮುಂಭಾಗ ಮತ್ತು ಹಿಂಭಾಗ

‘ಹೈಪೋಅಲರ್ಜೆನಿಕ್’, ಅಂದರೆ ಅಲರ್ಜಿ ತರುವುದು ಕಡಿಮೆ, ಎಂಬ ಪದಕ್ಕೆ ಎಲ್ಲೆಡೆ ಒಪ್ಪಿತವಾದ ಕಾನೂನಿನ ಅಳತೆಯಿಲ್ಲ. ಅಮೆರಿಕದ ಔಷಧ ಆಡಳಿತವೂ ಇದಕ್ಕೆ ಮಾನದಂಡ ನಿಗದಿಪಡಿಸಿಲ್ಲ. ತಯಾರಕರು ತಮಗೆ ತಿಳಿದಂತೆ ಬಳಸುತ್ತಾರೆ. ‘ನ್ಯಾಚುರಲ್’ ಎಂದರೆ ನಿಮ್ಮಂಥವರಿಗೆ ಇನ್ನೂ ಎಚ್ಚರ ಬೇಕು. ಟೀ ಟ್ರೀ, ಲ್ಯಾವೆಂಡರ್, ಇಲಾಂಗ್ ಇಲಾಂಗ್ ಮುಂತಾದ ಸುಗಂಧ ತೈಲಗಳು ಗಿಡದಿಂದ ಬಂದವೇ ಹೌದು, ಅಲರ್ಜಿ ತರುವುದರಲ್ಲಿ ಹೆಸರಾದವೂ ಹೌದು. ಇವುಗಳಲ್ಲಿನ ಲಿನಲೂಲ್, ಲಿಮೊನೀನ್‌ಗಳು ಗಾಳಿ ತಾಗಿ ಆಕ್ಸಿಡೈಸ್ ಆದಾಗ ಹುಟ್ಟುವ ಹೈಡ್ರೊಪೆರಾಕ್ಸೈಡ್‌ಗಳೇ ಚರ್ಮವನ್ನು ಹೆಚ್ಚು ಕಾಡುತ್ತವೆ. ತೆರೆದು ವರ್ಷವಾದ, ಮುಚ್ಚಳ ಸರಿಯಾಗಿ ಕೂರದ ಬಾಟಲಿ ಹೊಸದಕ್ಕಿಂತ ಅಪಾಯಕಾರಿಯಾಗುವುದು ಹೀಗೆ.

‘ಅನ್‌ಸೆಂಟೆಡ್’ ಮತ್ತು ‘ಫ್ರಾಗ್ರೆನ್ಸ್ ಫ್ರೀ’ ಒಂದೇ ಅಲ್ಲ. ಮೊದಲನೆಯದರಲ್ಲಿ ವಾಸನೆ ಗೊತ್ತಾಗದಂತೆ ಮರೆಮಾಡಲು ಬೇರೊಂದು ಸುಗಂಧ ಹಾಕಿರಬಹುದು. ನಿಮಗೆ ಬೇಕಾದದ್ದು ಎರಡನೆಯದು. ಹಿಂಬದಿಯ ಪಟ್ಟಿಯಲ್ಲಿ ‘ಪರ್ಫ್ಯೂಮ್’, ‘ಫ್ರಾಗ್ರೆನ್ಸ್’, ‘ಅರೋಮಾ’ ಎಂಬ ಪದ ಎಲ್ಲೂ ಇರಬಾರದು.

ಸುಗಂಧದ ನಂತರ ನೋಡಬೇಕಾದದ್ದು ಕೆಡದಂತೆ ಕಾಯುವ ರಾಸಾಯನಿಕಗಳನ್ನು. ಮೀಥೈಲ್‌ಐಸೋಥಯಾಜೋಲಿನೋನ್ ಮತ್ತು ಮೀಥೈಲ್‌ಕ್ಲೋರೋಐಸೋಥಯಾಜೋಲಿನೋನ್ ಎಂಬ ಜೋಡಿ ಶಾಂಪೂಗಳಲ್ಲಿ ಸಾಮಾನ್ಯ. ಮೊದಲನೆಯದನ್ನು ಅಮೆರಿಕದ ಸ್ಪರ್ಶ ಅಲರ್ಜಿ ತಜ್ಞರ ಸಂಘ 2013ರಲ್ಲಿ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. ಐರೋಪ್ಯ ಒಕ್ಕೂಟ ಅದನ್ನು ತೊಳೆಯದೆ ಹಾಗೇ ಬಿಡುವ ಪ್ರಸಾಧನಗಳಲ್ಲಿ 2017ರಿಂದ ನಿಷೇಧಿಸಿದೆ, ತೊಳೆದು ತೆಗೆಯುವವುಗಳಲ್ಲಿ 0.0015 ಶೇಕಡಾಕ್ಕೆ ಮಿತಿಗೊಳಿಸಿದೆ. ಅಲರ್ಜಿ ಇದ್ದವರಿಗೆ ಆ ಮಿತಿಯೂ ಹೆಚ್ಚಾಗಬಹುದು, ಪಟ್ಟಿಯಲ್ಲಿ ಹೆಸರು ಕಂಡರೆ ಬಿಟ್ಟುಬಿಡಿ. ಎರಡನೇ ಗುಂಪು ನಿಧಾನವಾಗಿ ಫಾರ್ಮಾಲ್ಡಿಹೈಡ್ ಬಿಡುವಂಥವು: ಡಿಎಂಡಿಎಂ ಹೈಡಾಂಟಾಯಿನ್, ಇಮಿಡಜೋಲಿಡಿನೈಲ್ ಯೂರಿಯಾ, ಡಯಜೋಲಿಡಿನೈಲ್ ಯೂರಿಯಾ, ಕ್ವಾಟರ್ನಿಯಮ್-15. ಪಟ್ಟಿಯಲ್ಲಿ ಫಾರ್ಮಾಲ್ಡಿಹೈಡ್ ಎಂಬ ಪದವೇ ಇರದಿದ್ದರೂ ಇವಿದ್ದರೆ ಅದು ಇದ್ದಂತೆಯೇ. ಇವುಗಳಿಗೆ ಹೋಲಿಸಿದರೆ ಸೋಡಿಯಂ ಬೆಂಜೊಯೇಟ್, ಫೀನಾಕ್ಸಿಎಥನಾಲ್ ಅಲರ್ಜಿ ತರುವುದು ಕಡಿಮೆ. ಬಹಳ ಜನ ಹೆದರುವ ಪ್ಯಾರಾಬೆನ್‌ಗಳೂ ಅಲರ್ಜಿಯ ವಿಷಯದಲ್ಲಿ ಸಾಕಷ್ಟು ಸಾಧು.

ಈಗ ‘ಸಲ್ಫೇಟ್ ಫ್ರೀ’ ವಿಚಾರ. ನಿಮ್ಮ ಸಮಸ್ಯೆಯ ಗಂಟು ಇಲ್ಲೇ ಇರಬಹುದೆಂದು ನಮ್ಮ ಅನುಮಾನ. ಶಾಂಪೂವಿಗೆ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮವನ್ನು ಒಣಗಿಸುತ್ತದೆ, ಕೆರಳಿಸುತ್ತದೆ, ಅದು ನಿಜ. ಆದರೆ ಅಲರ್ಜಿ ಹುಟ್ಟಿಸುವುದು ತೀರ ಅಪರೂಪ. ಅದನ್ನು ತೆಗೆದು ತಯಾರಕರು ಹಾಕುವುದು ಹೆಚ್ಚಾಗಿ ಕೊಕಮಿಡೊಪ್ರೊಪಿಲ್ ಬೀಟೈನ್, ಇಲ್ಲವೇ ಡೆಸೈಲ್ ಗ್ಲುಕೋಸೈಡ್, ಲಾರಿಲ್ ಗ್ಲುಕೋಸೈಡ್, ಕೊಕೊ ಗ್ಲುಕೋಸೈಡ್. ಇವು ಮೃದುವಾದ ನೊರೆಕಾರಕಗಳು, ಮಕ್ಕಳ ಶಾಂಪೂಗಳಲ್ಲೂ ಇರುತ್ತವೆ. ಆದರೆ ಅದೇ ಸಂಘ ಬೀಟೈನನ್ನು 2004ರಲ್ಲಿ, ಗ್ಲುಕೋಸೈಡ್‌ಗಳನ್ನು 2017ರಲ್ಲಿ ವರ್ಷದ ಅಲರ್ಜಿಕಾರಕಗಳೆಂದು ಹೆಸರಿಸಿದೆ. ಬೀಟೈನ್‌ನಲ್ಲಿ ತೊಂದರೆ ಕೊಡುವುದು ಬಹುತೇಕ ತಯಾರಿಕೆಯಲ್ಲಿ ಉಳಿದುಹೋಗುವ ಅಮಿಡೊಅಮೀನ್‌ನಂಥ ಕಲ್ಮಶ. ಹೀಗಾಗಿ ಒಂದು ಕಂಪನಿಯದ್ದು ಆಗಿಬಂದು ಇನ್ನೊಂದರದ್ದು ಆಗದಿರುವುದೂ ಉಂಟು. ರೆಪ್ಪೆ ಊತ, ಕತ್ತಿನ ತುರಿಕೆ ಬೀಟೈನ್ ಅಲರ್ಜಿಯಲ್ಲಿ ಪದೇಪದೇ ಕಾಣುವ ಲಕ್ಷಣಗಳು. ಮೃದುವಾದದ್ದು ಕೆರಳಿಕೆಯ ಚರ್ಮಕ್ಕೆ ಒಳ್ಳೆಯದು, ಅಲರ್ಜಿಯ ಚರ್ಮಕ್ಕೆ ಒಳ್ಳೆಯದೇ ಆಗಬೇಕೆಂದಿಲ್ಲ.

ನಾಲ್ಕು ವಾರದ ಪರೀಕ್ಷೆಗೆ ನಮ್ಮ ಸಲಹೆ ಇಷ್ಟು: ಸುಗಂಧವಿಲ್ಲದ, ಸುಗಂಧ ತೈಲವೂ ಇಲ್ಲದ, ಮೇಲಿನ ಎರಡು ಗುಂಪಿನ ಸಂರಕ್ಷಕಗಳಿಲ್ಲದ, ಬೀಟೈನ್ ಮತ್ತು ಗ್ಲುಕೋಸೈಡ್ ಎರಡೂ ಇಲ್ಲದ ಶಾಂಪೂ. ಸೋಡಿಯಂ ಲಾರೆತ್ ಸಲ್ಫೇಟ್ ಅಥವಾ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಆಧಾರದ್ದು ಸಿಕ್ಕರೆ ಆಗಬಹುದು. ಲಾರೆತ್, ಲಾರಿಲ್‌ಗಿಂತ ಸೌಮ್ಯ. ಎರಡು ಹೆಸರನ್ನೂ ಗೊಂದಲ ಮಾಡಿಕೊಳ್ಳಬೇಡಿ. ಪಟ್ಟಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು: ಹದಿನೈದು ಹೆಸರಿರುವ ಶಾಂಪೂವಿನಲ್ಲಿ ತಪ್ಪಿತಸ್ಥನನ್ನು ಹಿಡಿಯಬಹುದು, ನಲವತ್ತು ಹೆಸರಿರುವುದರಲ್ಲಿ ಕಷ್ಟ. ಮೈಸೋಪು ತಲೆಗೆ ಬೇಡ. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರಿಂದ 10, ನೆತ್ತಿಯದ್ದು ಸುಮಾರು 5.5.

ತೊಳೆಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಭುಜದವರೆಗಿನ ಕೂದಲಿಗೆ 5ರಿಂದ 10 ಮಿಲಿಲೀಟರ್ ಶಾಂಪೂ ಸಾಕು. ಅದನ್ನು ಲೋಟದಲ್ಲಿ ಅಷ್ಟೇ ಅಥವಾ ಎರಡರಷ್ಟು ನೀರಿಗೆ ಬೆರೆಸಿ ನೆತ್ತಿಗೆ ಹಾಕಿದರೆ ಒಂದೇ ಕಡೆ ಗಟ್ಟಿಯಾಗಿ ಕೂರುವುದಿಲ್ಲ. ಬೆರೆಸಿದ್ದನ್ನು ಉಳಿಸಿಡಬೇಡಿ, ನೀರು ಸೇರಿದರೆ ಸಂರಕ್ಷಕದ ಬಲ ಕುಗ್ಗಿ ಸೂಕ್ಷ್ಮಜೀವಿ ಬೆಳೆಯುತ್ತದೆ. ಉಗುರು ಬೇಡ, ಬೆರಳ ತುದಿಯಿಂದ ತಿಕ್ಕಿ. ಉಗುರುಬೆಚ್ಚನೆಯ ನೀರಿನಲ್ಲಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಎರಡು ನಿಮಿಷವಾದರೂ ತೊಳೆಯಿರಿ. ಮುಂದಕ್ಕೆ ಬಗ್ಗಿ ತೊಳೆದರೆ ನೊರೆಯೆಲ್ಲ ರೆಪ್ಪೆಯ ಮೇಲೆ ಹಾಯುತ್ತದೆ. ಕೊನೆಯಲ್ಲಿ ಮುಖ, ಕಿವಿಯ ಹಿಂದೆ, ಕತ್ತನ್ನು ಬರೀ ನೀರಿನಿಂದ ಇನ್ನೊಮ್ಮೆ ತೊಳೆಯಿರಿ. ಕಂಡಿಷನರ್ ಬುಡದಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಕೆಳಗಿನ ಕೂದಲಿಗೆ ಮಾತ್ರ.

ಹೊಸ ಪದಾರ್ಥ ತಂದಾಗ ಮನೆಯಲ್ಲೇ ಪರೀಕ್ಷಿಸುವುದು ಹೇಗೆ? ಸೀರಂ, ಜೆಲ್‌ನಂಥ ತೊಳೆಯದವುಗಳನ್ನು ಮೊಣಕೈ ಒಳಮಡಿಕೆಯ ಹತ್ತಿರ 3 ಸೆಂಟಿಮೀಟರ್ ಚೌಕದಷ್ಟು ಜಾಗಕ್ಕೆ, ದಿನಕ್ಕೆರಡು ಸಲ, ಅದೇ ಜಾಗದಲ್ಲಿ ಹಚ್ಚುತ್ತ ಹೋಗಿ. ಏಳು ದಿನ ಕನಿಷ್ಠ, ಹದಿನಾಲ್ಕಾದರೆ ಉತ್ತಮ. ಕೆಲವರಿಗೆ ಪ್ರತಿಕ್ರಿಯೆ ಎರಡನೇ ವಾರದಲ್ಲೇ ಕಾಣುತ್ತದೆ, ಒಂದು ರಾತ್ರಿಯ ಪರೀಕ್ಷೆಗೆ ಅರ್ಥವಿಲ್ಲ. ಶಾಂಪೂವನ್ನು ಹೀಗೆ ಹಚ್ಚಿ ಬಿಡಬೇಡಿ. ತೊಳೆಯದೆ ಬಿಟ್ಟ ಶಾಂಪೂ ಯಾರ ಚರ್ಮವನ್ನಾದರೂ ಕೆರಳಿಸುತ್ತದೆ, ಅದನ್ನು ಅಲರ್ಜಿ ಎಂದು ತಪ್ಪು ತಿಳಿಯುತ್ತೀರಿ. ಅದನ್ನು ಅದೇ ಜಾಗದಲ್ಲಿ ಒಂದೆರಡು ನಿಮಿಷ ನೊರೆಯಾಗಿಟ್ಟು ತೊಳೆಯಿರಿ, ಅಷ್ಟೇ ದಿನ. ಬ್ಲೀಚ್, ಡೈ, ಪರ್ಮಿಂಗ್ ದ್ರಾವಣಗಳನ್ನು ಈ ರೀತಿ ದಿನವೂ ಹಚ್ಚಲೇಬಾರದು.

ಡೈ

ಡೈ ಬಗ್ಗೆ ಕಾರಣ ತಿಳಿಯುವವರೆಗೆ ಪೂರ್ತಿ ನಿಲ್ಲಿಸಿ ಎನ್ನುತ್ತೇವೆ. ಕಪ್ಪು, ಕಂದು ಬಣ್ಣದ ಶಾಶ್ವತ ಡೈಗಳಲ್ಲಿ ಪ್ಯಾರಾ-ಫೀನೈಲೀನ್‌ಡಯಾಮೀನ್, ಅಂದರೆ ಪಿಪಿಡಿ, ಇಲ್ಲವೇ ಅದರ ಹತ್ತಿರದ ಬಂಧು ಟೊಲ್ವೀನ್-2,5-ಡಯಾಮೀನ್ ಇರುತ್ತದೆ. ಅಲರ್ಜಿ ತರುವುದರಲ್ಲಿ ಇವು ಮುಂಚೂಣಿಯವು. ಒಂದಕ್ಕೆ ಅಲರ್ಜಿ ಇದ್ದವರಲ್ಲಿ ಹಲವರಿಗೆ ಇನ್ನೊಂದೂ ಒಗ್ಗುವುದಿಲ್ಲ, ಆದ್ದರಿಂದ ‘ಪಿಪಿಡಿ ಫ್ರೀ’ ನೋಡಿ ನೆಮ್ಮದಿ ಪಡುವ ಮುನ್ನ ಎರಡನೆಯ ಹೆಸರನ್ನೂ ಹುಡುಕಿ. ‘ಅಮೋನಿಯಾ ಫ್ರೀ’ ಎನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಅಮೋನಿಯಾ ಬದಲು ಎಥನಾಲಮೀನ್ ಹಾಕಿರುತ್ತಾರೆ, ಪಿಪಿಡಿ ಹಾಗೇ ಇರಬಹುದು. ಶುದ್ಧ ಮದರಂಗಿ ಕಿತ್ತಳೆ ಮಿಶ್ರಿತ ಕೆಂಪು ಬಣ್ಣ ಮಾತ್ರ ಕೊಡುತ್ತದೆ, ಅದೂ ತಾಸುಗಟ್ಟಲೆ ಬಿಟ್ಟರೆ. ಅರ್ಧ ತಾಸಿನಲ್ಲಿ ಕಡುಕಪ್ಪು ಬರಿಸುವ ‘ಕಪ್ಪು ಮೆಹಂದಿ’ಯಲ್ಲಿ ಪಿಪಿಡಿ ಬೆರೆಸಿರುವುದು ಸಾಮಾನ್ಯ, ಕೈಮೇಲೆ ಬರೆಸಿಕೊಂಡ ಅಂಥ ಚಿತ್ತಾರದಿಂದಲೇ ಅನೇಕರಿಗೆ ಜೀವಮಾನದ ಅಲರ್ಜಿ ಅಂಟಿದೆ. ನಿಮಗೆ ಹಿಂದೆ ಅಂಥ ಚಿತ್ತಾರ ಹಾಕಿಸಿಕೊಂಡಾಗ ಬೊಬ್ಬೆ ಬಂದಿತ್ತೇ ಎಂದು ನೆನಪಿಸಿಕೊಳ್ಳಿ. ಬಂದಿದ್ದರೆ ಶಾಶ್ವತ ಡೈ ನಿಮ್ಮ ಪಾಲಿಗೆ ಮುಗಿದ ಅಧ್ಯಾಯ. ಪಿಪಿಡಿ ಅಲರ್ಜಿ ಇರುವ ಕೆಲವರಿಗೆ ಬೆಂಜೊಕೇನ್ ಇರುವ ಮರಗಟ್ಟಿಸುವ ಮುಲಾಮುಗಳೂ ಒಗ್ಗುವುದಿಲ್ಲ, ಅವುಗಳ ಬಗ್ಗೆಯೂ ವೈದ್ಯರಿಗೆ ತಿಳಿಸಿ.

ಪ್ಯಾಕೆಟ್ಟಿನ ಮೇಲೆ ಹೇಳಿರುವ 48 ಗಂಟೆಯ ಪರೀಕ್ಷೆ ಮಾಡಲೇಬೇಕು, ಆದರೆ ಅದು ಖಾತರಿ ಪತ್ರವಲ್ಲ. ಕೆಲವರಿಗೆ ಮೂರನೇ, ನಾಲ್ಕನೇ ದಿನ ಕಾಣಿಸಿಕೊಳ್ಳುತ್ತದೆ. ಈಗಾಗಲೇ ಡೈಗೆ ರೆಪ್ಪೆ ಊದಿದವರು ಮನೆಯಲ್ಲಿ ಈ ಪರೀಕ್ಷೆಯನ್ನೂ ಮಾಡಬಾರದು. ಬ್ಲೀಚ್‌ನಲ್ಲಿರುವ ಪರ್‌ಸಲ್ಫೇಟ್‌ಗಳ ಕಥೆ ಬೇರೆ: ಅವು ನಿಮಿಷಗಳಲ್ಲೇ ಗಂಧೆ ಎಬ್ಬಿಸಬಲ್ಲವು, ಉಬ್ಬಸ ತರಬಲ್ಲವು. ಹಚ್ಚಿದಾಗ ಉಸಿರು ಕಟ್ಟಿದಂತಾದರೆ ಅಥವಾ ತುಟಿ, ನಾಲಿಗೆ ಊದಿದರೆ ತೊಳೆಯುತ್ತ ಕೂರದೆ ತುರ್ತು ಚಿಕಿತ್ಸೆಗೆ ಧಾವಿಸಿ.

ಬಿಸಿ ಉಪಕರಣ, ಬಾಚಣಿಗೆ, ಕ್ಲಿಪ್

ಸ್ಟ್ರೈಟ್ನರ್‌ನ ತಟ್ಟೆ ಯಾವ ಲೋಹದ್ದೆಂದು ಜನ ಬಹಳ ಚಿಂತಿಸುತ್ತಾರೆ. ತಟ್ಟೆ ಮುಟ್ಟುವುದು ಕೂದಲನ್ನು, ಅದೂ ಕ್ಷಣಕಾಲ. ಅದಕ್ಕಿಂತ ಮುಖ್ಯ ಉಷ್ಣತೆಯ ನಿಯಂತ್ರಣ. ಅಂಕಿಯಲ್ಲಿ ಉಷ್ಣತೆ ತೋರಿಸುವ, 150 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಸಬಹುದಾದ ಉಪಕರಣ ಕೊಳ್ಳಿ. ತೆಳು ಕೂದಲಿಗೆ 150, ದಪ್ಪ ಕೂದಲಿಗೆ 180 ಸಾಕು. ಬುಡದಿಂದ 2 ಸೆಂಟಿಮೀಟರ್ ಬಿಟ್ಟು ಹಿಡಿಯಿರಿ. ಉರಿಯೂತವಿರುವ ನೆತ್ತಿಗೆ ಸ್ವಲ್ಪ ಬಿಸಿಯೂ ತುರಿಕೆ ಹೆಚ್ಚಿಸುತ್ತದೆ. ಒದ್ದೆ ಕೂದಲಿಗೆ ಬೇಡವೇ ಬೇಡ, ಒಳಗಿನ ನೀರು ಆವಿಯಾಗಿ ಕೂದಲ ಎಳೆಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಪ್ರತಿ ಸಲ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ತಟ್ಟೆ ಒರೆಸಿ, ಇಲ್ಲದಿದ್ದರೆ ನೀವು ಬಿಟ್ಟುಬಿಟ್ಟ ಹಳೆಯ ಸೀರಂನ ಪಳೆಯುಳಿಕೆ ಮತ್ತೆ ಕೂದಲಿಗೆ ಬರುತ್ತದೆ.

ಸಲೂನಿನಲ್ಲಿ ಮಾಡುವ ‘ಕೆರಾಟಿನ್’ ನೇರಗೊಳಿಸುವಿಕೆಯನ್ನು ಇದರೊಂದಿಗೆ ಕಲಸಬೇಡಿ. ಆ ದ್ರಾವಣಗಳಲ್ಲಿ ಹಲವಕ್ಕೆ ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಚೀಟಿಯಲ್ಲಿ ಮೀಥೈಲೀನ್ ಗ್ಲೈಕಾಲ್ ಎಂದಿದ್ದರೆ ಅದು ನೀರಿನಲ್ಲಿ ಕರಗಿದ ಫಾರ್ಮಾಲ್ಡಿಹೈಡೇ. ನಿಮ್ಮ ಸ್ಥಿತಿಯಲ್ಲಿ ಇದನ್ನು ಮಾಡಿಸಬಾರದು.

ಡ್ರೈಯರ್ ದೂರವಿಟ್ಟು ಹಿಡಿಯಿರಿ. 2011ರಲ್ಲಿ ಪ್ರಕಟವಾದ ಕೊರಿಯಾದ ಒಂದು ಅಧ್ಯಯನದಲ್ಲಿ ಗಾಳಿಯ ಬಿಸಿ 15 ಸೆಂಟಿಮೀಟರ್ ದೂರದಲ್ಲಿ 47 ಡಿಗ್ರಿ, 10ರಲ್ಲಿ 61, 5ರಲ್ಲಿ 95 ಡಿಗ್ರಿ ಇತ್ತು. ಚರ್ಮಕ್ಕೆ ಬಿಸಿ ನೋವೆನಿಸತೊಡಗುವುದು ಸುಮಾರು 43ರಿಂದ 45ರಲ್ಲಿ. ಆದ್ದರಿಂದ 15ರಿಂದ 20 ಸೆಂಟಿಮೀಟರ್ ದೂರ, ಮಧ್ಯಮ ಬಿಸಿ, ಕೈ ಒಂದೇ ಕಡೆ ನಿಲ್ಲದಂತೆ ಆಡಿಸುತ್ತಿರಿ. ಬುಡದ ಹತ್ತಿರ ತಣ್ಣನೆ ಗಾಳಿ.

ನಿಕಲ್ ವಿಷಯದಲ್ಲಿ ನಿಜವಾದ ಅಪಾಯ ಗಂಟೆಗಟ್ಟಲೆ ಚರ್ಮಕ್ಕೆ ಒತ್ತಿ ಕೂರುವ ಕ್ಲಿಪ್ಪು, ಹೇರ್ ಪಿನ್ನುಗಳಲ್ಲಿದೆ. ಬೆವರು ಲೋಹವನ್ನು ಕರಗಿಸುತ್ತದೆ. ಅಗ್ಗದ ಓಲೆ, ಬೆಲ್ಟಿನ ಬಕಲ್ ಆಗಿಬರದವರು ಪ್ಲಾಸ್ಟಿಕ್ ಕ್ಲಿಪ್ ಬಳಸಿ. ಡೈಮೀಥೈಲ್‌ಗ್ಲೈಆಕ್ಸಿಮ್ ದ್ರಾವಣದ ಪುಟ್ಟ ಕಿಟ್ ಸಿಗುತ್ತದೆ, ಹತ್ತಿಗೆ ಹನಿಸಿ ಲೋಹಕ್ಕೆ ಉಜ್ಜಿದಾಗ ಗುಲಾಬಿಯಾದರೆ ನಿಕಲ್ ಇದೆ. ಬರೀ ರಬ್ಬರ್ ಬ್ಯಾಂಡ್ ಬಿಟ್ಟು ಬಟ್ಟೆ ಹೊದಿಸಿದ್ದನ್ನು ಹಾಕಿ, ಬಿಗಿಯಾಗಿ ಎಳೆದು ಕಟ್ಟಬೇಡಿ.

ಬಾಚಣಿಗೆ ಅಗಲ ಹಲ್ಲಿನದಿರಲಿ, ಹಲ್ಲುಗಳ ನಡುವೆ ಅಚ್ಚಿನ ಚೂಪು ಗೆರೆ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ತುದಿಯ ಗುಂಡು ಉದುರಿದ ಬ್ರಷ್ ನೆತ್ತಿಯನ್ನು ಗೀರುತ್ತದೆ, ಗೀರಿದ ಚರ್ಮದಲ್ಲಿ ಅಲರ್ಜಿಕಾರಕ ಸಲೀಸಾಗಿ ಇಳಿಯುತ್ತದೆ. ಸಿಕ್ಕು ತುದಿಯಿಂದ ಬಿಡಿಸುತ್ತ ಮೇಲೆ ಬನ್ನಿ. ವಾರಕ್ಕೊಮ್ಮೆ ನಿಮಗೆ ಒಗ್ಗುವ ಶಾಂಪೂವಿನಲ್ಲೇ ತೊಳೆದು ಮಗುಚಿ ಒಣಗಿಸಿ. ನಾಲ್ಕು ವಾರದ ಪರೀಕ್ಷೆ ಶುರು ಮಾಡುವ ದಿನವೇ ಹಳೆಯ ಬಾಚಣಿಗೆ, ದಿಂಬಿನ ಚೀಲ, ಸ್ಕಾರ್ಫುಗಳನ್ನು ತೊಳೆದುಕೊಳ್ಳಿ.

ಇಷ್ಟು ಮಾಡಿಯೂ ರೆಪ್ಪೆ ಊದುತ್ತಿದ್ದರೆ ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ ಕೇಳಿ. ರಕ್ತ ಪರೀಕ್ಷೆ ಅಥವಾ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಈ ತಡವಾದ ಅಲರ್ಜಿಯನ್ನು ಹಿಡಿಯುವುದಿಲ್ಲ. ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಯ ನಂತರ ತೆಗೆದು ನೋಡುತ್ತಾರೆ, ಮೂರು ನಾಲ್ಕನೇ ದಿನ ಇನ್ನೊಮ್ಮೆ, ಕೆಲವು ಪದಾರ್ಥಗಳಿಗೆ ಏಳನೇ ದಿನವೂ. ಎರಡನೇ ಸಲ ನೋಡದಿದ್ದರೆ ತಡವಾಗಿ ಬರುವ ಅಲರ್ಜಿಗಳು ತಪ್ಪಿಹೋಗುತ್ತವೆ, ಅದಕ್ಕೆ ಬಿಡುವು ಮಾಡಿಕೊಂಡೇ ಹೋಗಿ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಬೆನ್ನಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿದ್ದರೆ ಮೊದಲೇ ಹೇಳಿ, ಫಲಿತಾಂಶ ಮಸುಕಾಗುತ್ತದೆ. ಹೋಗುವಾಗ ಆ ನಾಲ್ಕೂ ಶಾಂಪೂ ಬಾಟಲಿಗಳು, ಡೈ ಪ್ಯಾಕೆಟ್, ಬಳಸುವ ಕ್ಲಿಪ್ಪುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಖಾಲಿಯಾದ ಬಾಟಲಿ ಇದ್ದರೂ ಎಸೆಯಬೇಡಿ, ಚೀಟಿ ಇದ್ದರೆ ಸಾಕು.